ಕನ್ನಡಿಯಲ್ಲಿ ಚೆಂದ, ಫೋಟೊದಲ್ಲಿ ಯಾಕಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೇಳಿವೆ: ಎದುರಿಗೆ ಲಕ್ಷಣವಾಗಿರುವವರು ಫೋಟೊದಲ್ಲಿ ಹಾಗೆ ಬರುವುದಿಲ್ಲ. ಮುಖವನ್ನು ದೂರುವ ಮೊದಲು ಕ್ಯಾಮೆರಾ ಎಷ್ಟು ದೂರವಿತ್ತು, ಬೆಳಕು ಎಲ್ಲಿಂದ ಬಿತ್ತು, ಯಾವ ಕ್ಷಣದಲ್ಲಿ ಕ್ಲಿಕ್ಕಿಸಿದರು ಎಂಬ ಮೂರನ್ನು ನೋಡಬೇಕು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕನ್ನಡಿಯಲ್ಲಿ ನೋಡಿಕೊಂಡರೆ ಚೆನ್ನಾಗಿಯೇ ಇದ್ದೇನೆ ಅನಿಸುತ್ತದೆ. ಸೆಲ್ಫಿ ತೆಗೆದರೆ ಮೂಗು ದಪ್ಪ, ಮುಖ ಸ್ವಲ್ಪ ಓರೆ. ಎರಡರಲ್ಲಿ ಯಾವುದು ನಿಜ?
– ಓದುಗರು, ದಾವಣಗೆರೆ

ಉತ್ತರ: ಮೂಗು ದಪ್ಪ ಕಾಣುವುದಕ್ಕೆ ಒಂದು ಕಾರಣ, ಮುಖ ಓರೆ ಕಾಣುವುದಕ್ಕೆ ಇನ್ನೊಂದು.

ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂಟಿಮೀಟರ್ ಹಿಂದೆ ಇರುತ್ತದೆ. ಒಂದಡಿ ದೂರದಿಂದ ಸೆಲ್ಫಿ ತೆಗೆದರೆ ಕ್ಯಾಮೆರಾದಿಂದ ಮೂಗಿಗೆ 30 ಸೆಂ.ಮೀ., ಕಿವಿಗೆ 42 ಸೆಂ.ಮೀ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ ಕಿವಿಯ ಅಳತೆಗೆ ಹೋಲಿಸಿದರೆ ಮೂಗು ಶೇ 40ರಷ್ಟು ಹಿಗ್ಗುತ್ತದೆ. ಅದೇ ಕ್ಯಾಮೆರಾವನ್ನು ಐದಡಿ ದೂರದಲ್ಲಿ ಇಟ್ಟರೆ ಲೆಕ್ಕ 150ಕ್ಕೆ 162. ಹಿಗ್ಗುವುದು ಶೇ 8 ಮಾತ್ರ. ಸೆಲ್ಫಿ ತೋರಿಸಿ ಮೂಗು ಸಣ್ಣ ಮಾಡಿಕೊಡಿ ಎಂದು ಕೇಳುವವರನ್ನು ಕಂಡ ಅಮೆರಿಕದ ರಟ್ಗರ್ಸ್ ಮತ್ತು ಸ್ಟ್ಯಾನ್‌ಫರ್ಡ್ ತಜ್ಞರು 2018ರಲ್ಲಿ ಇದನ್ನೇ ಲೆಕ್ಕ ಹಾಕಿ ಪ್ರಕಟಿಸಿದರು. ಐದಡಿಯಿಂದ ತೆಗೆದ ಫೋಟೊಗಿಂತ 12 ಇಂಚಿನ ಸೆಲ್ಫಿಯಲ್ಲಿ ಮೂಗಿನ ಬುಡ ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ ಎಂಬುದು ಅವರ ಲೆಕ್ಕ. ದುಬಾರಿ ಫೋನು ಕೊಂಡರೂ ಇದು ಹೋಗುವುದಿಲ್ಲ, ಏಕೆಂದರೆ ಇದು ಲೆನ್ಸಿನ ದೋಷವೇ ಅಲ್ಲ. ಅಷ್ಟು ಹತ್ತಿರದಿಂದ ಒಂದೇ ಕಣ್ಣಲ್ಲಿ ನೋಡಿದರೆ ಯಾರ ಮೂಗೂ ಹಾಗೆಯೇ ಕಾಣುತ್ತದೆ.

ಕನ್ನಡಿ ಇಲ್ಲಿ ನಿಮ್ಮ ಪಕ್ಷದಲ್ಲಿದೆ. ಕನ್ನಡಿಯಿಂದ ಎರಡಡಿ ದೂರ ನಿಂತರೆ ಬಿಂಬ ಕಣ್ಣಿಗೆ ನಾಲ್ಕಡಿ ದೂರದಲ್ಲಿ ಬೀಳುತ್ತದೆ. ಹಾಗಾಗಿ ಮೂಗು, ಹಣೆ, ಕಿವಿಗಳ ಅಳತೆ ಜನ ನಿಮ್ಮನ್ನು ಎದುರಿಗೆ ನೋಡುವ ಅಳತೆಗೆ ಹತ್ತಿರವಾಗಿಯೇ ಇರುತ್ತದೆ.

ಇನ್ನು ಓರೆ. ಯಾರ ಮುಖದ ಎಡಬಲವೂ ಒಂದೇ ಸಮ ಇರುವುದಿಲ್ಲ. ಕನ್ನಡಿಯಲ್ಲಿ ನೀವು ದಿನಾ ನೋಡುವುದು ಅದಲುಬದಲಾದ ಮುಖ. ಬೈತಲೆ, ಮೂಗುಬೊಟ್ಟು, ಒಂದು ಕೂದಲೆಳೆ ಮೇಲಿರುವ ಹುಬ್ಬು, ಎಲ್ಲವೂ ಆ ಕಡೆ ಇರುವುದಕ್ಕೇ ಕಣ್ಣು ಒಗ್ಗಿದೆ. ಫೋಟೊ ಅವನ್ನು ಈ ಕಡೆಗೆ ತಂದಾಗ ಸಣ್ಣ ಓರೆಯೂ ಎದ್ದು ಕಾಣುತ್ತದೆ. 1977ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಬ್ಬರದೇ ಫೋಟೊವನ್ನು ನೇರವಾಗಿಯೂ ತಿರುಗಿಸಿಯೂ ಮುದ್ರಿಸಿ ತೋರಿಸಿದಾಗ, ಫೋಟೊದಲ್ಲಿದ್ದವರು ಹೆಚ್ಚಾಗಿ ಕನ್ನಡಿಯ ರೂಪವನ್ನು ಮೆಚ್ಚಿದರು, ಅವರ ಗೆಳತಿಯರು ನೇರ ರೂಪವನ್ನು ಮೆಚ್ಚಿದರು. ನಿಮಗೆ ವಿಚಿತ್ರ ಅನಿಸುವ ಫೋಟೊ ಮನೆಯವರಿಗೆ ‘ನೀನೇ’ ಅನಿಸುವುದು ಇದಕ್ಕೇ.

ಹೀಗೆ ಮಾಡಿ ನೋಡಿ: ಫೋನನ್ನು ಕಣ್ಣಿನ ಮಟ್ಟಕ್ಕೆ ಬರುವಂತೆ ಕಪಾಟಿನಲ್ಲಿ ಒರಗಿಸಿ, ಹಿಂದಿನ ಕ್ಯಾಮೆರಾ ನಿಮ್ಮ ಕಡೆ ಇರಲಿ. 2ಎಕ್ಸ್ (ಎರಡು ಪಟ್ಟು ಜೂಮ್) ಒತ್ತಿ, ಐದಡಿ ದೂರ ನಿಂತು, 10 ಸೆಕೆಂಡಿನ ಟೈಮರ್ ಇಡಿ. ತಲೆಯಿಂದ ಎದೆಯ ಕೆಳಗಿನವರೆಗೆ ಚೌಕಟ್ಟು ತುಂಬುತ್ತದೆ. ಸೆಲ್ಫಿಯೇ ಬೇಕಾದರೆ ಕೈ ಪೂರ್ತಿ ಚಾಚಿ ತೆಗೆದು, ಆಮೇಲೆ ಕತ್ತರಿಸಿಕೊಳ್ಳಿ. ಕನ್ನಡಿ ರೂಪವೇ ಉಳಿಯಬೇಕೆಂದರೆ ಐಫೋನಿನಲ್ಲಿ ‘ಮಿರರ್ ಫ್ರಂಟ್ ಕ್ಯಾಮೆರಾ’, ಸ್ಯಾಮ್‌ಸಂಗ್‌ನಲ್ಲಿ ‘ಸೇವ್ ಸೆಲ್ಫೀಸ್ ಆ್ಯಸ್ ಪ್ರಿವ್ಯೂಡ್’ ಎಂಬ ಆಯ್ಕೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿದೆ.

ಪ್ರಶ್ನೆ: ನಮ್ಮ ಅತ್ತಿಗೆ ಮಾತಾಡುತ್ತಾ ಕೂತರೆ ಮುಖದಲ್ಲಿ ಅಷ್ಟು ಕಳೆ. ಫೋಟೊದಲ್ಲಿ ಮಾತ್ರ ಕಳೆಯೇ ಇರುವುದಿಲ್ಲ.
– ಓದುಗರು, ಶಿರಸಿ

ಉತ್ತರ: ಮಾತಾಡುವ ಮುಖವನ್ನು ನಾವು ಒಂದೊಂದು ಕ್ಷಣವಾಗಿ ನೋಡುವುದಿಲ್ಲ. ಸರಿದುಹೋಗುವ ಭಾವಗಳನ್ನೆಲ್ಲ ಸೇರಿಸಿ ಒಂದು ಮುಖ ಕಾಣುತ್ತೇವೆ. ಕ್ಯಾಮೆರಾ ಸೆಕೆಂಡಿನ ನೂರನೇ ಒಂದು ಭಾಗವನ್ನು ಕಿತ್ತುಕೊಡುತ್ತದೆ. ಆ ಹೊತ್ತಿಗೆ ತುಟಿ ‘ಪ’ ಹೇಳಲು ಮುಚ್ಚಿಕೊಂಡಿರಬಹುದು, ರೆಪ್ಪೆ ಅರ್ಧ ಇಳಿದಿರಬಹುದು. 2012ರಲ್ಲಿ ಸಂಶೋಧಕರು ಮಾತಾಡುವ ಜನರ ಸಣ್ಣ ವಿಡಿಯೊಗಳನ್ನೂ ಅವುಗಳಿಂದಲೇ ಬಿಡಿಸಿದ ಸ್ಥಿರಚಿತ್ರಗಳನ್ನೂ ತೋರಿಸಿ ಹೋಲಿಸಿದರು. ಅದೇ ಮುಖಗಳು ವಿಡಿಯೊದಲ್ಲೇ ಹೆಚ್ಚು ಚೆನ್ನಾಗಿ ಕಂಡವು. ಚಲನೆಯಲ್ಲಿ ಕಳೆ ತೋರುವ ಮುಖ ಫೋಟೊದಲ್ಲಿ ಸೋಲುವುದು ಸಹಜ.

‘ಸ್ಮೈಲ್ ಪ್ಲೀಸ್’ ಅನ್ನುವುದನ್ನೂ ‘ಚೀಸ್’ ಅನ್ನಿಸುವುದನ್ನೂ ಬಿಡಿ. ಅದರಿಂದ ತುಟಿಯ ಅಂಚು ಅಕ್ಕಪಕ್ಕಕ್ಕೆ ಎಳೆಯುತ್ತದೆಯೇ ಹೊರತು ಕಣ್ಣು ನಗುವುದಿಲ್ಲ. ನಿಜವಾದ ನಗುವಿನಲ್ಲಿ ಕಣ್ಣಿನ ಸುತ್ತಲ ಸ್ನಾಯುವೂ ಬಿಗಿಯುತ್ತದೆ, ಅದು ಅಪ್ಪಣೆಗೆ ಸುಲಭವಾಗಿ ಬರುವುದಿಲ್ಲ ಎಂದು ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಬರೆದಿದ್ದಾರೆ. ಅತ್ತಿಗೆಗೆ ಇಷ್ಟವಾದ ವಿಷಯ ಒಂದನ್ನು ಕೇಳಿ. ಉತ್ತರ ಹೇಳುವಾಗ ಸುಮ್ಮನಿರಿ. ಮಾತು ಮುಗಿದು ತುಟಿ ಸೇರುವ ಹೊತ್ತಿಗೆ ಮುಖದಲ್ಲಿ ಇನ್ನೂ ನಗು ಉಳಿದಿರುತ್ತದೆ, ಆಗ ಬರ್ಸ್ಟ್‌ನಲ್ಲಿ ಒಂದರ ಹಿಂದೊಂದು ಹತ್ತು ಹದಿನೈದು ಫೋಟೊ ತೆಗೆಯಿರಿ. ಜೋರು ನಗುವಿನ ತುದಿಯಲ್ಲಿ ತೆಗೆದರೆ ಕಣ್ಣು ಮುಚ್ಚಿರುತ್ತದೆ. ನಗು ಇಳಿಯುವಾಗಿನದೇ ಚೆಂದ.

ಪ್ರಶ್ನೆ: ಮಗಳಿಗೆ ಗಂಡು ನೋಡುತ್ತಿದ್ದೇವೆ. ಸ್ಟುಡಿಯೊದಲ್ಲಿ ತೆಗೆಸಿದ ಫೋಟೊ ಕಳಿಸಿದ್ದೆವು. ಮನೆಗೆ ಬಂದವರು ‘ಫೋಟೊದಲ್ಲಿ ಬೇರೆ ಥರ ಇದ್ದಾಳೆ’ ಅಂದುಬಿಟ್ಟರು, ಮಗಳಿಗೆ ತುಂಬಾ ನೋವಾಯಿತು. ಮನೆಯಲ್ಲೇ ತೆಗೆಯಬಹುದೆ? ಯಾವ ಫೋಟೊ ಕಳಿಸಬೇಕು?
– ತಾಯಿಯೊಬ್ಬರು, ಹಾಸನ

ಉತ್ತರ: ಮಗಳಲ್ಲಿ ಯಾವ ಕೊರತೆಯೂ ಇಲ್ಲ, ಕಂಪ್ಯೂಟರಿನಲ್ಲಿ ತಿದ್ದಿದವರು ಹದ್ದು ಮೀರಿದ್ದಾರೆ. ಚರ್ಮ ನುಣುಪು ಮಾಡಿ, ಬಣ್ಣ ಎರಡು ಮೆಟ್ಟಿಲು ಏರಿಸಿ, ದವಡೆ ಸಣ್ಣಗೆ ಮಾಡಿ ಕೊಡುವುದು ಎಷ್ಟೋ ಕಡೆ ಕೇಳದೆಯೇ ನಡೆಯುತ್ತದೆ. ತಿದ್ದದ ಮೂಲ ಫೈಲು ಕೊಡಿ ಎಂದು ಮೊದಲೇ ಹೇಳಿ. ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದನ್ನು, ಅಂದರೆ ಮೊಡವೆ, ಸೊಳ್ಳೆ ಕಚ್ಚಿದ ಗುರುತನ್ನು, ಅಳಿಸಿದರೆ ತಪ್ಪಿಲ್ಲ. ಮಚ್ಚೆ, ಗಾಯದ ಕಲೆ, ಮೈಬಣ್ಣ, ಕನ್ನಡಕ ಇದ್ದಂತೆಯೇ ಇರಲಿ.

ಮನೆಯಲ್ಲಿ ಖಂಡಿತ ತೆಗೆಯಬಹುದು. ಬಿಸಿಲು ನೇರವಾಗಿ ಬೀಳದ, ಆಕಾಶ ಕಾಣುವ ಒಂದು ಕಿಟಕಿ ಬೇಕು. ಬಿಸಿಲು ಬಿದ್ದರೆ ಸರಳುಗಳ ನೆರಳು ಮುಖದ ಮೇಲೆ ಪಟ್ಟೆ ಎಳೆಯುತ್ತದೆ. ಬರಿಯ ಆಕಾಶದ ಬೆಳಕಾದರೆ ಸರಳಿನ ಗುರುತೂ ಕಾಣುವುದಿಲ್ಲ. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆ ಒಳ್ಳೆಯ ಹೊತ್ತು. ಕೋಣೆಯ ಟ್ಯೂಬ್‌ಲೈಟು, ಬಲ್ಬು ಎಲ್ಲ ಆರಿಸಿ. ಹಗಲಿನ ಬಿಳಿ ಬೆಳಕಿಗೆ ಬಲ್ಬಿನ ಹಳದಿ ಬೆರೆತರೆ ಒಂದು ಕೆನ್ನೆ ನೀಲಿ, ಇನ್ನೊಂದು ಕೆನ್ನೆ ಹಳದಿಯಾಗುತ್ತದೆ, ಆಮೇಲೆ ಸರಿಮಾಡುವುದು ಕಷ್ಟ. ಗೋಡೆಯ ಬಣ್ಣವನ್ನೂ ನೋಡಿ. ಗಿಳಿಹಸಿರು, ಗುಲಾಬಿ ಗೋಡೆಯ ಪಕ್ಕ ನಿಂತರೆ ಆ ಬಣ್ಣ ಕತ್ತಿನ ಮೇಲೆ, ದವಡೆಯ ಕೆಳಗೆ ಪ್ರತಿಫಲಿಸಿ ಮುಖಕ್ಕೆ ಕಾಯಿಲೆಯ ಛಾಯೆ ಬರುತ್ತದೆ.

ಮಗಳು ಕಿಟಕಿಯಿಂದ ಮೂರು ನಾಲ್ಕಡಿ ದೂರ, ಬೆಳಕು ಒಂದು ಕೆನ್ನೆಗೆ ಓರೆಯಾಗಿ ಬೀಳುವಂತೆ ನಿಲ್ಲಲಿ. ಹಿಂದಿನ ಗೋಡೆ ಐದಾರಡಿ ದೂರವಿರಲಿ. ಇನ್ನೊಂದು ಕೆನ್ನೆಯ ಕಡೆ ಎರಡು ಮೂರಡಿ ದೂರದಲ್ಲಿ ಬಿಳಿ ಬೆಡ್‌ಶೀಟನ್ನೋ ಥರ್ಮೊಕೋಲ್ ಹಾಳೆಯನ್ನೋ ಯಾರಾದರೂ ಹಿಡಿದುಕೊಳ್ಳಲಿ. ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ನೆರಳು ಪೂರ್ತಿ ಅಳಿಯಬಾರದು, ಮೂಗಿಗೆ, ದವಡೆಗೆ ಆಕಾರ ಕೊಡುವುದು ಅದೇ. ಕ್ಲಿಕ್ಕಿಸುವ ಮುನ್ನ ಕಣ್ಣುಗಳನ್ನು ದಿಟ್ಟಿಸಿ. ಎರಡೂ ಕಣ್ಣಿನ ಕಪ್ಪು ಭಾಗದ ಮೇಲಂಚಿನಲ್ಲಿ ಕಿಟಕಿಯ ಸಣ್ಣ ಬಿಳಿ ಚೌಕ ಹೊಳೆಯುತ್ತಿರಬೇಕು. ಒಂದು ಕಣ್ಣಿನಲ್ಲಿ ಮಾತ್ರ ಇದ್ದರೆ ಮುಖವನ್ನು ಕಿಟಕಿಯ ಕಡೆ ಇನ್ನೂ ಸ್ವಲ್ಪ ತಿರುಗಿಸಿ. ಎರಡರಲ್ಲೂ ಇಲ್ಲದಿದ್ದರೆ ಎಷ್ಟು ನಕ್ಕರೂ ಕಣ್ಣು ಸೋತಂತೆ ಕಾಣುತ್ತದೆ. ಈ ಒಂದು ಬಿಂದು ಸಿಗುವವರೆಗೆ ಕಾಯುವುದು ಸಾರ್ಥಕ.

ಲೆನ್ಸಿನ ಮೇಲಿನ ಬೆರಳಿನ ಜಿಡ್ಡನ್ನು ಹತ್ತಿಬಟ್ಟೆಯಿಂದ ಒರೆಸಿ. ಜಿಡ್ಡಿದ್ದರೆ ಕಿಟಕಿಯ ಕಡೆಯಿಂದ ಮಂಜು ಹರಡಿದಂತಾಗುತ್ತದೆ. ಬ್ಯೂಟಿ ಮೋಡ್ ಸೊನ್ನೆಗೆ ಇಳಿಸಿ. ಐದಾರಡಿ ದೂರ, 2ಎಕ್ಸ್, ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿ.

ಆಯ್ಕೆಯ ಬಗ್ಗೆ ಎರಡು ಮಾತು. ಫೋಟೊವನ್ನು ಮಗಳೂ ಆರಿಸಬಾರದು, ನೀವೂ ಆರಿಸಬಾರದು. ಆಸ್ಟ್ರೇಲಿಯಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾವೇ ಆರಿಸಿಕೊಂಡ ಫೋಟೊಗಳಿಗಿಂತ ಪರಿಚಯವಿಲ್ಲದವರು ಆರಿಸಿಕೊಟ್ಟ ಫೋಟೊಗಳೇ ನೋಡುವವರಲ್ಲಿ ಹೆಚ್ಚು ಒಳ್ಳೆಯ ಅಭಿಪ್ರಾಯ ಮೂಡಿಸಿದವು. ಹತ್ತು ಫೋಟೊಗಳನ್ನು ಮಗಳನ್ನು ಅಷ್ಟಾಗಿ ನೋಡದ ಮೂರು ನಾಲ್ಕು ಜನರಿಗೆ ತೋರಿಸಿ, ಹೆಚ್ಚು ಜನ ಬೆರಳಿಟ್ಟದ್ದನ್ನು ಇಟ್ಟುಕೊಳ್ಳಿ. ಮತ್ತೆ, ಒಂದೇ ಫೋಟೊ ಕಳಿಸಬೇಡಿ. ಬ್ರಿಟನ್ನಿನಲ್ಲಿ 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇಬ್ಬರೇ ವ್ಯಕ್ತಿಗಳ 40 ಫೋಟೊ ಕೊಟ್ಟು ಒಬ್ಬೊಬ್ಬರದನ್ನು ಬೇರೆ ಬೇರೆ ಗುಡ್ಡೆ ಮಾಡಿ ಅಂದಾಗ, ಆ ಮುಖಗಳ ಪರಿಚಯವಿಲ್ಲದವರು ಏಳೆಂಟು ಜನರಿದ್ದಾರೆ ಅಂದುಕೊಂಡು ಗುಡ್ಡೆ ಮಾಡಿದರು. ಪರಿಚಯವಿಲ್ಲದವರಿಗೆ ಒಂದು ಫೋಟೊದಿಂದ ಮುಖ ತಿಳಿಯುವುದೇ ಇಲ್ಲ. ಎದುರಿನದೊಂದು, ಓರೆಯದೊಂದು, ನಿಂತದ್ದೊಂದು, ಜೊತೆಗೆ 20 ಸೆಕೆಂಡಿನ ಮಾತಾಡುವ ವಿಡಿಯೊ ಕಳಿಸಿದರೆ ‘ಬೇರೆ ಥರ ಇದ್ದಾಳೆ’ ಅನ್ನುವ ಮಾತಿಗೆ ಎಡೆಯಿರುವುದಿಲ್ಲ. ಗಂಡಿನ ಕಡೆಯವರಿಂದಲೂ ಇಷ್ಟನ್ನೇ ಕೇಳಿ ಪಡೆಯಿರಿ.

ಪ್ರಶ್ನೆ: ನನ್ನದು ಕಪ್ಪು ಮೈಬಣ್ಣ. ಮದುವೆ ಆಲ್ಬಮ್‌ನಲ್ಲಿ ಕೆಲವು ಕಡೆ ಮುಖವೇ ಕಾಣದಷ್ಟು ಕತ್ತಲು, ಕೆಲವು ಕಡೆ ಬೂದಿ ಬಳಿದಂತೆ. ಕಪ್ಪಗಿರುವವರು ಫೋಟೊಗೆ ಒಗ್ಗುವುದಿಲ್ಲವೆ?
– ಓದುಗರು, ರಾಯಚೂರು

ಉತ್ತರ: ಹಾಗೆ ಹೇಳಿದವರ ಮಾತು ನಂಬಬೇಡಿ. ಕಪ್ಪು ಚರ್ಮದ ಮೇಲೆ ಬೆಳಕು ಕೊಡುವ ಹೊಳಪು, ಆಕಾರ ಬಿಳಿ ಚರ್ಮದಲ್ಲಿ ಅಷ್ಟು ಸಿಗುವುದಿಲ್ಲ. ನಿಮ್ಮ ಆಲ್ಬಮ್‌ನಲ್ಲಿ ಆಗಿರುವುದು ಎರಡು ಬೇರೆ ತಪ್ಪು.

ಕತ್ತಲಾದದ್ದು ಅಳತೆಯ ತಪ್ಪು. ಎದುರಿಗಿರುವುದೆಲ್ಲ ಸೇರಿ ಸರಾಸರಿ ನಡುಬೂದು ಬಣ್ಣ, ಶೇ 18ರಷ್ಟು ಬೆಳಕು ಮರಳಿಸುವಂಥದ್ದು, ಎಂದು ಲೆಕ್ಕ ಹಿಡಿಯುವುದು ಕ್ಯಾಮೆರಾದ ಹಳೆಯ ರೂಢಿ. ಬಿಳಿ ಪಂಚೆ, ಬಿಳಿ ಶಾಮಿಯಾನ, ಹಿಂದೆ ಎಲ್‌ಇಡಿ ಪರದೆ ಇದ್ದರೆ ಅದು ಬೆಳಕು ಹೆಚ್ಚಾಯಿತೆಂದು ಇಡೀ ಚಿತ್ರವನ್ನು ಕುಗ್ಗಿಸುತ್ತದೆ. ಕುಗ್ಗುವುದು ನಿಮ್ಮ ಮುಖ. ಫೋನಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿದು, ಸೂರ್ಯನ ಗುರುತನ್ನು ಮೇಲಕ್ಕೆ ಜರುಗಿಸಿ. ಕ್ಯಾಮೆರಾದಲ್ಲಾದರೆ ಮುಖಕ್ಕೆ ಮಾತ್ರ ಅಳತೆ ತೆಗೆಯಬೇಕು, ಇಲ್ಲವೇ ಇಡೀ ಚಿತ್ರಕ್ಕೆ ಅಳತೆ ತೆಗೆದು, ಬಿಳಿ ಹಿನ್ನೆಲೆಗೆ 0.7ರಿಂದ 1 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ಹೆಚ್ಚಿಸಬೇಕು. ಹಿನ್ನೆಲೆಯಾಗಿ ಮರದ ಬಾಗಿಲು, ಮಣ್ಣಿನ ಗೋಡೆ, ಕುಂಕುಮ ಬಣ್ಣದ ಪರದೆ, ಹುಲ್ಲು ಹಸಿರು ಇದ್ದರೆ ಈ ಪೇಚೇ ಬರುವುದಿಲ್ಲ.

ಬೂದಿ ಬಳಿದಂತಾದದ್ದು ಪೌಡರಿನಿಂದ. ಮೇಕಪ್ಪಿನ ಕೊನೆಯಲ್ಲಿ ಉದುರಿಸುವ ಪಾರದರ್ಶಕ ಪೌಡರಿನಲ್ಲಿ ಸಿಲಿಕಾ ಇರುತ್ತದೆ, ಸನ್‌ಸ್ಕ್ರೀನಿನಲ್ಲಿ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್. ಕನ್ನಡಿಯಲ್ಲಿ ಕಾಣದ ಇವು ಎದುರಿನಿಂದ ಬೀಳುವ ಫ್ಲ್ಯಾಶಿಗೆ ಬೆಳ್ಳಗೆ ಮಿಂಚುತ್ತವೆ. ಮೇಕಪ್ ಮುಗಿದ ಕೂಡಲೇ ಕೋಣೆ ಕತ್ತಲು ಮಾಡಿ ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದು ನೋಡಿ. ಕಣ್ಣಿನ ಕೆಳಗೆ, ಮೂಗಿನ ಪಕ್ಕ ಬಿಳಿ ತೇಪೆ ಕಂಡರೆ ಒದ್ದೆ ಸ್ಪಂಜಿನಿಂದ ಒತ್ತಿ ತೆಗೆಸಿ. ಫೋಟೊದವರಿಗೆ ಫ್ಲ್ಯಾಶನ್ನು ಛಾವಣಿಗೋ ಬಿಳಿ ಕೊಡೆಗೋ ತಿರುಗಿಸಲು ಹೇಳಿ. ಅರಿಶಿನ ಶಾಸ್ತ್ರದಲ್ಲಿ ಇನ್ನೊಂದು ತೊಂದರೆ: ಎಲ್ಲೆಲ್ಲೂ ಹಳದಿಯಿರುವುದನ್ನು ಕ್ಯಾಮೆರಾ ತಾನೇ ಸರಿಪಡಿಸಲು ಹೋಗಿ ಚರ್ಮ ನೀಲಿಗಟ್ಟುತ್ತದೆ. ಹಗಲಿನಲ್ಲಿ ವೈಟ್ ಬ್ಯಾಲೆನ್ಸನ್ನು (ಬಣ್ಣ ಸರಿದೂಗಿಸುವ ಸೆಟ್ಟಿಂಗ್) 5,500 ಕೆಲ್ವಿನ್‌ ಆಸುಪಾಸಿಗೆ ಬಿಗಿ ಮಾಡಿಟ್ಟರೆ ಸರಿ.

ಹಳೆಯ ಆಲ್ಬಮ್‌ಗಳಲ್ಲೂ ಇದನ್ನೇ ನೋಡಿದ್ದರೆ ಅದಕ್ಕೆ ಇತಿಹಾಸವಿದೆ. ರೀಲಿನ ಕಾಲದಲ್ಲಿ ಪ್ರಿಂಟು ಹಾಕುವ ಲ್ಯಾಬುಗಳಿಗೆ ಕೊಡ್ಯಾಕ್ ಕಂಪನಿ ಕಳಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ಬಿಳಿಯ ಹೆಂಗಸಿನ ಚಿತ್ರವಿರುತ್ತಿತ್ತು. ‘ಶರ್ಲಿ ಕಾರ್ಡ್’ ಎಂದೇ ಅದರ ಹೆಸರು. ಆ ಚರ್ಮ ಸರಿ ಬಂದರೆ ಎಲ್ಲವೂ ಸರಿ ಎಂಬ ಲೆಕ್ಕ ದಶಕಗಳ ಕಾಲ ನಡೆಯಿತು. ಈಗಿನ ಕ್ಯಾಮೆರಾಗಳಿಗೆ ಆ ಮಿತಿ ಇಲ್ಲ, ಬಳಸುವವರ ಕೈ ಬದಲಾಗಬೇಕು. ಆಲ್ಬಮ್ ಒಪ್ಪಿಸುವಾಗ ‘ಮುಖ ಬೆಳ್ಳಗೆ ಮಾಡಬೇಡಿ’ ಎಂದು ಬರೆದೇ ಕೊಡಿ.

ಪ್ರಶ್ನೆ: ತೂಕ ಅಷ್ಟಿಲ್ಲ, ಆದರೂ ಸೀರೆಯುಟ್ಟ ಫೋಟೊಗಳಲ್ಲಿ ದಪ್ಪ ಕಾಣುತ್ತೇನೆ.
– ಓದುಗರು, ಮಂಗಳೂರು

ಉತ್ತರ: ನಮ್ಮ ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಂತರವಿದೆ, ಆದ್ದರಿಂದ ತೋಳು ಮುಂದೆ, ಸೊಂಟ ಹಿಂದೆ ಎಂಬುದು ಗೊತ್ತಾಗುತ್ತದೆ. ಒಂದೇ ಲೆನ್ಸಿಗೆ ಅದು ತಿಳಿಯದು. ಮೈಗೆ ಒತ್ತಿದ ತೋಳು, ಸೆರಗು, ಸೊಂಟ ಸೇರಿ ಒಂದೇ ಅಗಲವಾಗುತ್ತದೆ. ಮೊಣಕೈ ಮತ್ತು ಸೊಂಟದ ನಡುವೆ ಹಿನ್ನೆಲೆ ಕಾಣುವಷ್ಟು ಸಂದು ಬಿಡಿ, ನಾಲ್ಕು ಬೆರಳಿನಷ್ಟು ಸಾಕು. ಭುಜ ಓರೆ ಮಾಡಿ, ಭಾರ ಹಿಂದಿನ ಕಾಲಿಗೆ ಹಾಕಿ. ಗರಿಗರಿ ಕಾಟನ್ ಸೀರೆ ಮೈಯಿಂದ ಎದ್ದು ನಿಲ್ಲುವುದರಿಂದ ಸೆರಗನ್ನು ಮಡಿಕೆ ಮಾಡಿ ಪಿನ್ ಹಾಕಿ, ಮೈಸೂರು ಸಿಲ್ಕಿನಂಥ ಮೃದು ಸೀರೆಯಾದರೆ ಸೆರಗು ಇಳಿಬಿಟ್ಟರೂ ನಡೆಯುತ್ತದೆ.

ಪೂರ್ತಿ ನಿಂತ ಫೋಟೊಗೆ ಕ್ಯಾಮೆರಾ ಹೊಕ್ಕುಳಿನ ಮಟ್ಟದಲ್ಲಿರಬೇಕು. ಎತ್ತರದವರು ತಮ್ಮ ಕಣ್ಣಿನ ಮಟ್ಟದಿಂದ ಕೆಳಗೆ ಬಗ್ಗಿಸಿ ತೆಗೆದರೆ ತಲೆ ದೊಡ್ಡದು, ಕಾಲು ಗಿಡ್ಡ. ಗದ್ದದ ಕೆಳಗೆ ಮಡಿಕೆ ಕಾಣುತ್ತದೆಂದು ಗದ್ದ ಹಿಂದಕ್ಕೆ ಎಳೆದುಕೊಂಡರೆ ಮಡಿಕೆ ಇಮ್ಮಡಿಯಾಗುತ್ತದೆ. ಹಣೆಯನ್ನು ಕ್ಯಾಮೆರಾದ ಕಡೆ ಎರಡು ಇಂಚು ಮುಂದಕ್ಕೆ ಚಾಚಿ, ಗದ್ದ ಸ್ವಲ್ಪ ಇಳಿಸಿ. ಪಕ್ಕದಿಂದ ನೋಡುವವರಿಗೆ ಇದು ವಿಚಿತ್ರ, ಎದುರಿನ ಫೋಟೊದಲ್ಲಿ ದವಡೆಯ ಗೆರೆ ಚೊಕ್ಕ.

ಪ್ರಶ್ನೆ: ಮನೆಮಂದಿಯ ಗುಂಪು ಫೋಟೊದಲ್ಲಿ ಅಂಚಿನಲ್ಲಿ ನಿಂತವರೆಲ್ಲ ಊದಿಕೊಂಡಿರುತ್ತಾರೆ, ಯಾರಾದರೊಬ್ಬರು ಕಣ್ಣು ಮುಚ್ಚಿರುತ್ತಾರೆ.
– ಓದುಗರು, ವಿಜಯಪುರ

ಉತ್ತರ: ಇಲ್ಲಿ ತಪ್ಪು ಅಗಲ ನೋಟದ್ದು. ಒಂಬತ್ತು ಒಂಬತ್ತು ಜನರ ಎರಡು ಸಾಲು ಸುಮಾರು 15 ಅಡಿ ಅಗಲವಾಗುತ್ತದೆ. ಫೋನಿನ 1ಎಕ್ಸ್‌ನಲ್ಲಿ ಹನ್ನೊಂದಡಿ ದೂರದಿಂದಲೇ ಎಲ್ಲರೂ ಹಿಡಿಯುತ್ತಾರೆ, ಆದರೆ ತುದಿಯಲ್ಲಿರುವ ತಲೆ ಅಡ್ಡಕ್ಕೆ ಶೇ 20ರಷ್ಟು ಹಿಗ್ಗುತ್ತದೆ. ಗುಂಡನೆಯದನ್ನು ಓರೆಯಾಗಿ ಚಪ್ಪಟೆ ಹಾಳೆಯ ಮೇಲೆ ಬೀಳಿಸಿದಾಗ ಆಗುವುದೇ ಹೀಗೆ. ಇಪ್ಪತ್ತೆರಡಡಿ ಹಿಂದೆ ಹೋಗಿ 2ಎಕ್ಸ್‌ನಲ್ಲಿ ತೆಗೆದರೆ ಈ ಹಿಗ್ಗು ಶೇ 6ಕ್ಕೆ ಇಳಿಯುತ್ತದೆ. ಜಾಗವಿಲ್ಲದಿದ್ದರೆ ಮೂರು ಸಾಲು ಮಾಡಿ. 0.5ಎಕ್ಸ್ ಮುಟ್ಟಲೇಬೇಡಿ.

ಕಣ್ಣು ಮುಚ್ಚುವುದಕ್ಕೆ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ವಿಜ್ಞಾನ ಸಂಸ್ಥೆಯ ಇಬ್ಬರು ಒಂದು ಸೂತ್ರ ಕೊಟ್ಟು 2006ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ) ಪಡೆದಿದ್ದಾರೆ. ಜನ ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ, ಒಳ್ಳೆಯ ಬೆಳಕಿನಲ್ಲಿ ತಲೆ ಎಣಿಕೆಯನ್ನು 3ರಿಂದ, ಮಂದ ಬೆಳಕಿನಲ್ಲಿ 2ರಿಂದ ಭಾಗಿಸಿ. ಅಷ್ಟು ಫೋಟೊ ತೆಗೆದರೆ ಎಲ್ಲರೂ ಕಣ್ಣು ಬಿಟ್ಟಿರುವ ಒಂದು ಸಿಗುತ್ತದೆ. ಮೇಲೆ ಹೇಳಿದ 18 ಜನಕ್ಕೆ ಅಂಗಳದಲ್ಲಿ 6, ಮಂಟಪದೊಳಗೆ 9. ಐವತ್ತು ಜನರಾದರೆ ಸೂತ್ರ ಕೈಬಿಟ್ಟು, ಎಲ್ಲರೂ ಕಣ್ಣು ಮುಚ್ಚಿಕೊಂಡು ‘ಮೂರು’ ಅಂದಾಗ ಬಿಡಲಿ, ಅರೆಕ್ಷಣ ತಡೆದು ಕ್ಲಿಕ್ಕಿಸಿ.

ಪ್ರಶ್ನೆ: ಮಧ್ಯಾಹ್ನ ಹೊರಗೆ ತೆಗೆದರೆ ಕಣ್ಣೇ ಕಾಣುವುದಿಲ್ಲ.
– ಓದುಗರು, ಬೆಂಗಳೂರು

ಉತ್ತರ: ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ 12.20ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ಆ ಬೆಳಕಿಗೆ ಹುಬ್ಬಿನ ನೆರಳು ಕಣ್ಣಿನ ಗುಳಿ ತುಂಬುತ್ತದೆ, ಮೂಗಿನ ನೆರಳು ತುಟಿಗೆ ಬೀಳುತ್ತದೆ. ಜಗಲಿಯ ಅಂಚಿಗೆ, ಸಜ್ಜೆಯ ಕೆಳಗೆ ಬಂದು ಆಕಾಶದ ಕಡೆ ಮುಖ ಮಾಡಿ ನಿಲ್ಲಿ. ಎದುರಿನ ಬಿಸಿಲು ಬಿದ್ದ ಕಲ್ಲುಚಪ್ಪಡಿಯ ಬೆಳಕು ಕೆಳಗಿನಿಂದ ಕಣ್ಣಿಗೆ ಬರುತ್ತದೆ. ಮರದ ಕೆಳಗೆ ಬೇಡ, ಎಲೆಗಳ ಸಂದಿನ ಬಿಸಿಲು ಮುಖದ ಮೇಲೆ ಚುಕ್ಕೆಯಿಡುತ್ತದೆ.

ಪ್ರಶ್ನೆ: ಪಾಸ್‌ಪೋರ್ಟ್ ಫೋಟೊ ಮಾತ್ರ ಯಾಕೆ ಯಾರಿಗೂ ಚೆನ್ನಾಗಿ ಬರುವುದಿಲ್ಲ?
– ಓದುಗರು, ಕಲಬುರಗಿ

ಉತ್ತರ: ಆ ಫೋಟೊ ಯಂತ್ರ ಗುರುತು ಹಿಡಿಯಲೆಂದು ಇರುವುದು. ನೆರಳಿಲ್ಲದ ಬೆಳಕು, ನೇರ ನೋಟ, ಮುಚ್ಚಿದ ಬಾಯಿ, ಭಾವವಿಲ್ಲದ ಮುಖ, ತಿಳಿ ಹಿನ್ನೆಲೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಲ್ಲೇ ಇದೆ. ಮುಖಕ್ಕೆ ಆಕಾರ ಕೊಡುವ ನೆರಳೂ, ಕಳೆ ಕೊಡುವ ನಗುವೂ ಎರಡೂ ಹೋದವು. ನಿಯಮದೊಳಗೇ ಸುಧಾರಿಸಲು ದಾರಿಯಿದೆ. ಇಕ್ಕಟ್ಟಿನ ಸ್ಟುಡಿಯೊದಲ್ಲಿ ಮೂರಡಿಯಿಂದ ತೆಗೆಯುವವರಿಗೆ ಒಂದೂವರೆ ಮೀಟರ್ ಹಿಂದೆ ನಿಂತು ಜೂಮ್ ಮಾಡಲು ಹೇಳಿ. ಬಿಳಿ ಅಂಗಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ, ಕಡುನೀಲಿ ಅಥವಾ ಕಂದು ಕಾಲರ್ ಇರಲಿ. ಹಣೆಯ ಎಣ್ಣೆ ಒರೆಸಿಕೊಳ್ಳಿ. ಅಮೆರಿಕದ ವೀಸಾಕ್ಕಾದರೆ ಕನ್ನಡಕ ತೆಗೆಯಲೇಬೇಕು, 2016ರ ನವೆಂಬರಿನಿಂದ ಅಲ್ಲಿ ಅದಕ್ಕೆ ಅವಕಾಶವಿಲ್ಲ. ಕನ್ನಡಕ ತೆಗೆದ ಕೂಡಲೇ ಮೂಗಿನ ಮೇಲಿನ ಒತ್ತುಗುರುತು ಕೆಂಪಗಿರುತ್ತದೆ, ಹತ್ತು ನಿಮಿಷ ಮುಂಚೆಯೇ ತೆಗೆದಿಟ್ಟುಕೊಂಡು ಕಾದಿರಿ.